ಚುಕ್ಕಿಗೆ ಜೊತೆ ಬೇಕಾ?

ನಮ್ಮ ನಾಯಿ ಚುಕ್ಕಿಗೆ ಜೊತೆ ಬೇಕು ಅಂತ ಮೊದಲು ಹೇಳಿದ್ದು ನನ್ನ ಮಗಳು. "ಅಮ್ಮಾ, ಅವಳ ಭಾಷೆ ಮಾತಾಡೋರು ಈ ಮನೇಲಿ ಯಾರೂ ಇಲ್ಲ" ಅಂದಳು. ಅಷ್ಟೇ ಮಾತು. ಆದರೆ ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಚುಕ್ಕಿಗೆ ಈಗ 4 ವರ್ಷ. 2 ತಿಂಗಳ ಮರಿಯಾಗಿದ್ದಾಗ ಬಂದವಳು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಯಾರೋ ಬೆರಳು ಒತ್ತಿದ ಹಾಗೆ ಒಂದು ಬಿಳಿ ಗುರುತು. ಮೊದಲೆಲ್ಲ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಇರುತ್ತಿದ್ದೆವು. ಈ ವರ್ಷ ನನ್ನ ಕೆಲಸದ ಹೊತ್ತು ಬದಲಾಯಿತು, ಮಗಳ ಕ್ಲಾಸುಗಳು ಜಾಸ್ತಿಯಾದವು, ನನ್ನ ಗಂಡ ಬೆಳಗ್ಗೆ ಹೋದರೆ ಬರುವುದು ಸಂಜೆಗೇ. ಹಾಗಾಗಿ ವಾರದಲ್ಲಿ ನಾಲ್ಕು ದಿನ ಹತ್ತಿರ ಹತ್ತಿರ 5 ಗಂಟೆ ಅವಳೊಬ್ಬಳೇ. ನಾವು ಚಪ್ಪಲಿ ಹಾಕಿಕೊಳ್ಳುವಾಗ ಬಾಲ ಇಳಿಸಿಕೊಂಡು, ಗೋಡೆಗೆ ಮೈ ಒತ್ತಿಕೊಂಡು ನೋಡುತ್ತಾಳಲ್ಲ, ಆ ನೋಟ ನಾಯಿ ಸಾಕಿದವರಿಗೆಲ್ಲ ಗೊತ್ತಿರುತ್ತದೆ.

ಒಂದು ದಿನ ಹಳೇ ಮೊಬೈಲನ್ನು ಕಿಟಕಿಯಲ್ಲಿಟ್ಟು ರೆಕಾರ್ಡಿಂಗ್ ಹಾಕಿ ಹೋದೆ. ಸಂಜೆ ಮೂವರೂ ಕೂತು ನೋಡಿದೆವು. ಬಾಗಿಲು ಹಾಕಿದ ಮೇಲೆ ಆರೇಳು ನಿಮಿಷ ಅವಳು ಬಾಗಿಲ ಮುಂದೆಯೇ ನಿಂತಿದ್ದಾಳೆ. ಕಿವಿ ಮಾತ್ರ ಅಲುಗುತ್ತಿದೆ. ಆಮೇಲೆ ಸಣ್ಣಗೆ ಕುಂಯ್‌ಗುಟ್ಟುತ್ತಾಳೆ, ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ಜೋರಾಗಿ ಉಸಿರೆಳೆಯುತ್ತಾಳೆ, ಮುಂಗಾಲಲ್ಲಿ ಒಂದೆರಡು ಸಲ ಕೆರೆದು ನಿಂತು ಕೇಳಿಸಿಕೊಳ್ಳುತ್ತಾಳೆ, ಮತ್ತೆ ಕೆರೆಯುತ್ತಾಳೆ. ಕೊನೆಗೆ ಒಳಗೆ ಹೋಗಿ ನಾನು ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿ ಒಂದನ್ನು ಬಾಯಲ್ಲಿ ಹಿಡಿದು ತಂದಳು. ಕಡಿಯಲಿಲ್ಲ. ಬಾಗಿಲ ಹತ್ತಿರ ಇಟ್ಟು, ಅದರ ಮೇಲೆ ಗದ್ದ ಊರಿ ಮಲಗಿದಳು. ಹೊರಗೆ ಯಾವ ಸದ್ದಾದರೂ ತಲೆ ಎತ್ತುತ್ತಾಳೆ, ನಾವಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಇಳಿಸುತ್ತಾಳೆ. ಮಗಳು ಪೂರ್ತಿ ನೋಡಲಾಗದೆ ಎದ್ದು ಹೋದಳು.

ಅವತ್ತು ರಾತ್ರಿಯೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ, ಇನ್ನೊಂದು ನಾಯಿ ತರಲೇಬೇಕು ಅಂತ. ಮಗಳು ಹೆಸರು ಕೂಡ ಹುಡುಕಿಟ್ಟಳು. ನನ್ನ ಗಂಡ ಮಾತ್ರ "ಆತುರ ಬೇಡ ಕಣೇ, ಮೊದಲು ಡಾಕ್ಟರನ್ನ ಒಂದು ಮಾತು ಕೇಳೋಣ" ಅಂದರು. ನನಗೆ ಸಿಟ್ಟು ಬಂತು. ಅಷ್ಟು ಸಂಕಟ ಕಣ್ಣಾರೆ ನೋಡಿದ ಮೇಲೂ ಕೇಳುವುದು ಏನಿದೆ ಅನ್ನಿಸಿತ್ತು.

ಡಾಕ್ಟರು ವಿಡಿಯೊ ಪೂರ್ತಿ ನೋಡಿದರು. ಎರಡೇ ಪ್ರಶ್ನೆ ಕೇಳಿದರು. ನೀವು ಹೊರಗೆ ಹೋದಾಗ ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಹೀಗೇ ಮಾಡ್ತಾಳಾ? ದಾರಿಯಲ್ಲಿ ಬೇರೆ ನಾಯಿ ಸಿಕ್ಕಾಗ ಏನು ಮಾಡ್ತಾಳೆ?

ಮೊದಲನೆಯದಕ್ಕೆ ಉತ್ತರ ಸುಲಭ. ನಮ್ಮಮ್ಮ ಬಂದು ಉಳಿದುಕೊಂಡಾಗ ಚುಕ್ಕಿ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ, ಅಮ್ಮನ ಕಾಲ ಹತ್ತಿರ ಬಿದ್ದುಕೊಂಡಿರುತ್ತಾಳೆ. ಎರಡನೆಯದಕ್ಕೆ ಸ್ವಲ್ಪ ಯೋಚಿಸಬೇಕಾಯಿತು. ವಾಕಿಂಗಿನಲ್ಲಿ ನಾಯಿ ಸಿಕ್ಕರೆ ಮೂಸುತ್ತಾಳೆ, ಬಾಲ ಆಡಿಸುತ್ತಾಳೆ, ಅರ್ಧ ನಿಮಿಷದ ಮೇಲೆ ತಿರುಗಿ ನನ್ನ ಮುಖ ನೋಡುತ್ತಾಳೆ. ಹೋಗೋಣ್ವಾ ಅನ್ನುವ ಹಾಗೆ. ಇಷ್ಟು ವರ್ಷ ದಿನಾ ನೋಡುತ್ತಿದ್ದರೂ ಅದು ಏನು ಹೇಳುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಅವರು ಹೇಳಿದ್ದು ಇಷ್ಟು. ಜೊತೆಗೆ ಯಾರೇ ಇದ್ದರೂ ಸಾಕು, ನಾಯಿಯಾದರೂ ಸರಿ ಅನ್ನುವ ನಾಯಿಗಳು ಇವೆ. ಆದರೆ ಒಬ್ಬಂಟಿಯಾದಾಗ ಹೆದರುವ ನಾಯಿಗಳಲ್ಲಿ ಹೆಚ್ಚಿನವು ಹುಡುಕುವುದು ತಮ್ಮ ಮನುಷ್ಯರನ್ನು. ಅಂಥ ಮನೆಗೆ ಇನ್ನೊಂದು ನಾಯಿ ಬಂದರೆ ಮೊದಲನೆಯದು ಅಳುವುದು ನಿಲ್ಲುವುದಿಲ್ಲ, ಕೆಲವು ಸಲ ಎರಡನೆಯದೂ ಅದನ್ನು ನೋಡಿ ಅಳುವುದು ಕಲಿಯುತ್ತದೆ. ಬೇಜಾರಿಗೆ ಚೇಷ್ಟೆ ಮಾಡುವುದು ಬೇರೆ, ಹೆದರಿಕೆ ಬೇರೆ. ಬೇಜಾರಾದ ನಾಯಿ ಮೊದಲು ಮಲಗುತ್ತದೆ, ಎದ್ದ ಮೇಲೆ ದಿಂಬು ಹರಿಯುತ್ತದೆ. ಹೆದರಿದ ನಾಯಿ ನಾವು ಹೋದ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ: ಊಳಿಡುವುದು, ಜೊಲ್ಲು ಸುರಿಸುವುದು, ಬಾಗಿಲು ಕೆರೆಯುವುದು, ಎಂದೂ ಇಲ್ಲದ್ದು ಮನೆಯೊಳಗೇ ಉಚ್ಚೆ ಹೊಯ್ಯುವುದು. ನಮ್ಮ ಚುಕ್ಕಿಯದು ಹೆದರಿಕೆಯೇ, ಇನ್ನೂ ಕೈಮೀರಿಲ್ಲ ಅಂದರು.

ಮನೆಗೆ ಬಂದು ಓದತೊಡಗಿದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. ವರ್ಷಗಟ್ಟಲೆ ಒಂದೇ ಗೂಡಿನಲ್ಲಿ ಜೋಡಿಯಾಗಿ ಇದ್ದ ನಾಯಿಗಳು ಅವು. ಜೋಡಿಯಲ್ಲಿ ಒಂದನ್ನು 4 ಗಂಟೆ ಬೇರೆ ಕಡೆ ಇಟ್ಟರೂ, ಗೂಡಿನಲ್ಲಿ ಉಳಿದದ್ದರ ಮೈಯಲ್ಲಿ ಒತ್ತಡದ ಹಾರ್ಮೋನ್ ಏರಲಿಲ್ಲ. ಗೊತ್ತಿಲ್ಲದ ಜಾಗಕ್ಕೆ ತಂದು ಬಿಟ್ಟಾಗ ಏರಿತು. ಜೊತೆಗಾರ ನಾಯಿ ಪಕ್ಕದಲ್ಲೇ ಇದ್ದರೂ ಏರಿತು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ ಪಕ್ಕದಲ್ಲಿದ್ದಾಗ ಮಾತ್ರ ಏರಲಿಲ್ಲ. ನಾನು ಇದನ್ನು ಎರಡು ಮೂರು ಸಲ ಓದಿ, ಚುಕ್ಕಿ ಎಲ್ಲಿದ್ದಾಳೆ ಅಂತ ನೋಡಿದೆ. ನನ್ನ ಕುರ್ಚಿಯ ಕಾಲಿಗೆ ಬೆನ್ನು ಕೊಟ್ಟು ಮಲಗಿದ್ದಳು.

ಹಾಗಾದರೆ ಎರಡನೇ ನಾಯಿಯೇ ಬೇಡವಾ? ಹಾಗೂ ಅಲ್ಲ. ನನ್ನ ಗೆಳತಿಯ ಮನೆಯಲ್ಲಿ ಎರಡಿವೆ. ಅವು ಆಡುವುದನ್ನು ಒಂದು ಸಲ ನೋಡಿದರೆ ಸಾಕು, ಯಾರಿಗಾದರೂ ಇನ್ನೊಂದು ಬೇಕು ಅನ್ನಿಸುತ್ತದೆ. ದೊಡ್ಡದು ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಕರೆಯುತ್ತದೆ. ಚಿಕ್ಕದು ಓಡಿ ಬಂದು ಕುತ್ತಿಗೆಗೆ ಬಾಯಿ ಹಾಕುತ್ತದೆ. ಅಷ್ಟು ದೊಡ್ಡ ನಾಯಿ ಬೇಕಂತಲೇ ಅಂಗಾತ ಬಿದ್ದು ಸೋಲುತ್ತದೆ, ಚಿಕ್ಕದಕ್ಕೆ ಆಟ ಬಿಟ್ಟು ಹೋಗಬಾರದು ಅಂತ. ಇದನ್ನು ನಾವು ಎಷ್ಟೇ ಚೆಂಡು ಎಸೆದರೂ ಕೊಡಲಾರೆವು, ಅಲ್ವಾ? ನಾಯಿಗೆ ನಾಯಿಯೇ ಕೊಡಬಹುದಾದ ಸುಖ ಅದು. ಆದರೆ ಗೆಳತಿ ಒಂದು ಮಾತು ಸ್ಪಷ್ಟವಾಗಿ ಹೇಳಿದಳು. ಮೊದಲನೆಯದಕ್ಕೆ ಅಂತ ಅವಳು ಎರಡನೆಯದನ್ನು ತರಲಿಲ್ಲವಂತೆ. ಅವಳಿಗೇ ಬೇಕಿತ್ತು. ಎರಡೂ ಒಂದಕ್ಕೊಂದು ಮಾತಾಡಿಸದೆ ಬೇರೆ ಬೇರೆ ಮೂಲೆಯಲ್ಲಿ ಬದುಕಿದ್ದರೂ ಅವಳು ಎರಡನ್ನೂ ಸಾಕುತ್ತಿದ್ದಳು. ಈ ಮಾತು ನನಗೆ ತುಂಬ ಹಿಡಿಸಿತು. ಹೊಸ ನಾಯಿ ಮೊದಲ ನಾಯಿಯ ಔಷಧಿಯಾಗಿ ಬಂದರೆ, ಔಷಧಿ ಕೆಲಸ ಮಾಡದಿದ್ದಾಗ ಅದರ ಗತಿ ಏನು?

ಮರಿ ತರುವುದಾದರೆ ಎರಡು ಒಟ್ಟಿಗೆ ತಂದುಬಿಡಿ, ಒಂದಕ್ಕೊಂದು ಆಗುತ್ತವೆ ಅಂತ ಹೇಳುವವರು ಇದ್ದಾರೆ. ನನಗೂ ನಾಲ್ಕು ವರ್ಷದ ಹಿಂದೆ ಒಬ್ಬರು ಹೇಳಿದ್ದರು. ಇದನ್ನು ನಾನು ಯಾರಿಗೂ ಹೇಳಲಾರೆ. ಒಡಹುಟ್ಟಿದ ಎರಡು ಮರಿಗಳನ್ನು ಸದಾ ಜೊತೆಯಲ್ಲೇ ಬೆಳೆಸಿದರೆ ಅವು ಒಂದನ್ನೊಂದು ಬಿಟ್ಟಿರಲು ಕಲಿಯದೆ ಹೋಗಬಹುದು, ಮನುಷ್ಯರ ಮಾತಿಗೆ ಗಮನ ಕೊಡುವುದು ಕಡಿಮೆಯಾಗಬಹುದು ಅಂತ ತರಬೇತಿ ಕೊಡುವ ಎಷ್ಟೋ ಜನ ಎಚ್ಚರಿಸುತ್ತಾರೆ. ಮರಿಯ ಸ್ವಭಾವ ಗಟ್ಟಿಯಾಗುವುದು 3ರಿಂದ 12-14 ವಾರಗಳ ನಡುವೆ. ಆ ಕೆಲವೇ ವಾರಗಳಲ್ಲಿ ಅದಕ್ಕೆ ಜನ, ಸದ್ದು, ನೆಲ, ಮೆಟ್ಟಿಲು, ಬೇರೆ ಪ್ರಾಣಿ ಎಲ್ಲದರ ಪರಿಚಯ ಮಾಡಿಸಬೇಕು. ಎರಡು ಮರಿ ಅಂದರೆ ಎರಡನ್ನೂ ಬೇರೆ ಬೇರೆಯಾಗಿ ಹೊರಗೆ ಕರೆದೊಯ್ಯಬೇಕು, ಬೇರೆ ಬೇರೆಯಾಗಿ ಮಲಗಿಸಬೇಕು, ಬೇರೆ ಬೇರೆಯಾಗಿ ಕಲಿಸಬೇಕು. ಚುಕ್ಕಿ ಮರಿಯಾಗಿದ್ದಾಗ ನಾನು ರಾತ್ರಿ ಮೂರು ಸಲ ಎದ್ದು ಅವಳನ್ನು ಹೊರಗೆ ಕರೆದೊಯ್ಯುತ್ತಿದ್ದೆ. ಆ ಎರಡು ತಿಂಗಳು ನನಗೆ ಚೆನ್ನಾಗಿ ನೆನಪಿದೆ.

ಮೊದಲನೆಯದು ಒಂದೂವರೆ ಎರಡು ವರ್ಷ ದಾಟಿ, ಕರೆದರೆ ಬರುವಂತಾಗಿ, ಚೈನು ಎಳೆಯದೆ ನಡೆಯುವಂತಾದ ಮೇಲೆ ಎರಡನೆಯದು ಬರಲಿ ಅನ್ನುವುದು ಸರಿ ಅನ್ನಿಸುತ್ತದೆ. ಯಾಕೆಂದರೆ ಹೊಸದು ಕಲಿಯುವುದು ಹಳೆಯದನ್ನು ನೋಡಿ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ತೀರಾ ತಡವೂ ಆಗಬಾರದು. ಕೀಲು ನೋವು ಶುರುವಾದ ಮುದಿ ನಾಯಿಯ ಮೈಮೇಲೆ ದಿನವಿಡೀ ಮರಿ ಹಾರುತ್ತಿದ್ದರೆ ಅದಕ್ಕೆ ಎಲ್ಲಿ ನೆಮ್ಮದಿ? ಮರಿ ಬಂದ ಮೇಲೆ ಚುರುಕಾದ ಮುದಿ ನಾಯಿಗಳೂ ಇವೆ, ನಿಜ, ಆದರೆ ಅದಕ್ಕೆ ತಪ್ಪಿಸಿಕೊಂಡು ಹೋಗಿ ಮಲಗಲು ಮರಿ ಬರಲಾರದ ಒಂದು ಜಾಗ ಇರಲೇಬೇಕು.

ಗಂಡು ಹೆಣ್ಣಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಒಂದು ಗಂಡು ಒಂದು ಹೆಣ್ಣು ಹೊಂದಿಕೊಳ್ಳುವುದು ಸುಲಭ. ಒಂದೇ ಮನೆಯ ಎರಡು ಹೆಣ್ಣುಗಳ ನಡುವೆ ಜಗಳ ಹತ್ತಿಕೊಂಡರೆ ಆರಿಸುವುದು ಕಷ್ಟ. ಗಂಡು ಹೆಣ್ಣು ಜೋಡಿಗೆ ಆಪರೇಷನ್ ಮಾಡಿಸದೆ ಇಡಬೇಡಿ. ಹೆಣ್ಣು 6 ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬವಾದರೆ ಸುಮಾರು 63 ದಿನಕ್ಕೆ ಮರಿ. ಒಡಹುಟ್ಟು ಅನ್ನುವ ಲೆಕ್ಕ ಅವಕ್ಕಿಲ್ಲ.

ಇಷ್ಟೆಲ್ಲ ಓದಿದರೂ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಅಷ್ಟರಲ್ಲಿ ಪರಿಚಯದವರೊಬ್ಬರು ಊರಿಗೆ ಹೋಗಬೇಕು, ಬಂಟಿಯನ್ನು ಹತ್ತು ದಿನ ಇಟ್ಟುಕೊಳ್ತೀರಾ ಅಂತ ಕೇಳಿದರು. 2 ವರ್ಷದ ಗಂಡು, ಆಪರೇಷನ್ ಆಗಿದೆ, ಲಸಿಕೆ ಎಲ್ಲ ಸರಿಯಾಗಿದೆ. ನಾನು ತಕ್ಷಣ ಒಪ್ಪಿಕೊಂಡೆ. ಎರಡನೇ ನಾಯಿ ಬೇಕಾ ಅಂತ ಯೋಚಿಸುವ ಯಾರಿಗೇ ಆದರೂ ನಾನು ಹೇಳುವ ಮೊದಲ ಮಾತು ಇದೇ: ಸಾಧ್ಯವಾದರೆ ಕೆಲವು ದಿನ ಒಂದು ನಾಯಿಯನ್ನು ಇಟ್ಟುಕೊಂಡು ನೋಡಿ. ಹೊಸ ನಾಯಿಯ ಲಸಿಕೆ, ಜಂತುಹುಳದ ಔಷಧಿ, ಮೈಮೇಲಿನ ಉಣ್ಣಿ ಇವೆಲ್ಲ ಮೊದಲೇ ನೋಡಿಕೊಳ್ಳಿ. ನಾಯಿಗಳಿಗೆ ವಾಂತಿ ಭೇದಿ ತರುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ತಿಯಾಗದ ಮರಿಗೆ ಅದು ಪ್ರಾಣಕ್ಕೇ ಕುತ್ತು.

ಬಂಟಿಯನ್ನು ನೇರವಾಗಿ ಮನೆಗೆ ತರಲಿಲ್ಲ. ಮನೆ ಚುಕ್ಕಿಯದು, ಅಲ್ಲಿ ಎದುರಾದರೆ ಅವಳು ಕಾಯಲು ನಿಲ್ಲುತ್ತಾಳೆ. ಇಬ್ಬರದೂ ಅಲ್ಲದ ಒಂದು ಬಯಲಿನಲ್ಲಿ ನಾನೊಬ್ಬಳನ್ನು ಹಿಡಿದು, ನನ್ನ ಗಂಡ ಒಬ್ಬನನ್ನು ಹಿಡಿದು, ನಡುವೆ ದೂರ ಬಿಟ್ಟು ಒಂದೇ ದಿಕ್ಕಿಗೆ ನಡೆದೆವು. ಎದುರುಬದುರು ತರಲಿಲ್ಲ. ಚೈನು ಸಡಿಲವಾಗಿಯೇ ಇರಬೇಕು. ನಾವು ಹೆದರಿ ಬಿಗಿಯಾಗಿ ಎಳೆದರೆ ಆ ಬಿಗಿ ಅವುಗಳ ಕುತ್ತಿಗೆಗೆ ತಿಳಿಯುತ್ತದೆ. ಇಪ್ಪತ್ತು ನಿಮಿಷದ ಮೇಲೆ ಹತ್ತಿರ ಬಂದವು, ಒಂದರ ಹಿಂದೆ ಒಂದು ಮೂಸಿಕೊಂಡವು, ಬಂಟಿ ಬಾಗಿ ಆಟಕ್ಕೆ ಕರೆದ. ಮಗಳ ಕಣ್ಣಲ್ಲಿ ನೀರು. ಮನೆಗೆ ಬರುವಷ್ಟರಲ್ಲಿ ಇನ್ನು ಚಿಂತೆಯಿಲ್ಲ ಅಂದುಕೊಂಡೆವು.

ಮೂರನೇ ದಿನ ಸಂಜೆ. ಚುಕ್ಕಿ ತನ್ನ ಬಟ್ಟಲಿನಲ್ಲಿ ತಿನ್ನುತ್ತಿದ್ದಳು. ಬಂಟಿಯದು ಮುಗಿದಿತ್ತು, ಅವನು ಸುಮ್ನೆ ಆ ಕಡೆ ನಡೆದು ಬಂದ. ಚುಕ್ಕಿಯ ದವಡೆ ನಿಂತಿತು. ತಲೆ ಬಟ್ಟಲಿನಲ್ಲೇ ಇದೆ, ಬಾಯಿ ಆಡುತ್ತಿಲ್ಲ, ಮೈ ಕಲ್ಲಿನ ಹಾಗೆ, ಕಣ್ಣು ಮಾತ್ರ ಓರೆಯಾಗಿ ಬಂಟಿಯ ಕಡೆ, ಬಿಳಿ ಕಾಣುತ್ತಿದೆ. ನಾಲ್ಕು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ. ಅವಳು ಗುರ್ ಅನ್ನುವ ಮೊದಲೇ ನಾನು ಬಂಟಿಯನ್ನು ಹೆಸರು ಹಿಡಿದು ಕರೆಯಬೇಕಿತ್ತು. ಕರೆಯಲಿಲ್ಲ, ನೋಡುತ್ತಾ ನಿಂತೆ. ಮುಂದಿನದೆಲ್ಲ ಎರಡು ಸೆಕೆಂಡು. ರಕ್ತ ಬರಲಿಲ್ಲ, ಸದ್ದೇ ಜಾಸ್ತಿ, ಆದರೆ ಬಂಟಿ ಹೋಗಿ ಮಂಚದ ಕೆಳಗೆ ಸೇರಿಕೊಂಡವನು ಒಂದು ಗಂಟೆ ಹೊರಗೆ ಬರಲಿಲ್ಲ.

ಗುರ್ ಅಂದದ್ದಕ್ಕೆ ಚುಕ್ಕಿಯನ್ನು ಬೈಯಲು ಮಗಳು ಹೊರಟಳು. ಬೇಡ ಅಂದೆ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಬೈದು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಬಾಯಿ ಹಾಕುತ್ತದೆ. ಅವತ್ತಿನಿಂದ ಊಟ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಮುಗಿದ ಮೇಲೆ ಬಟ್ಟಲು ಎತ್ತಿಡುವುದು, ಕಡಿಯುವ ಮೂಳೆ ಆಟಿಕೆ ಯಾವುದನ್ನೂ ನೆಲದ ಮೇಲೆ ಬಿಡದಿರುವುದು. ಮತ್ತೆ ಜಗಳ ಆಗಲಿಲ್ಲ. ಆದರೆ ಮನೆಯಲ್ಲಿ ಯಾವಾಗಲೂ ಒಂದು ಕಣ್ಣು ಅವುಗಳ ಮೇಲೆ ಇಟ್ಟಿರಬೇಕಿತ್ತು, ಮತ್ತೆ ಆ ಕಣ್ಣು ನನ್ನದೇ ಆಗಿತ್ತು.

ಕೆಲಸ ಎರಡು ಪಟ್ಟಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಕೂದಲು ಗುಡಿಸುವುದು, ಬಟ್ಟಲು ತೊಳೆಯುವುದು ಇವೆಲ್ಲ ದೊಡ್ಡ ವಿಷಯವೇ ಅಲ್ಲ. ಕಷ್ಟ ವಾಕಿಂಗಿನಲ್ಲಿ. ಚುಕ್ಕಿ ನಿಧಾನಕ್ಕೆ ಪ್ರತಿ ಗಿಡದ ಬುಡವನ್ನೂ ಮೂಸುತ್ತಾ ಹೋಗುವವಳು, ಬಂಟಿ ಓಡುವವನು. ಒಟ್ಟಿಗೆ ಕರೆದೊಯ್ದರೆ ಇಬ್ಬರಿಗೂ ಅರ್ಧ ವಾಕಿಂಗು. ಬೇರೆ ಬೇರೆ ಕರೆದೊಯ್ದರೆ ನನ್ನ ಬೆಳಗ್ಗೆಯೆಲ್ಲ ಅಲ್ಲೇ ಮುಗಿಯುತ್ತದೆ, ಮನೆಯಲ್ಲಿ ಉಳಿದದ್ದು ಅಳುತ್ತದೆ. ನಾಲ್ಕು ವರ್ಷ ಚುಕ್ಕಿಗೆ ಮಾತ್ರ ಸಿಗುತ್ತಿದ್ದ ನನ್ನ ಒಂದು ಗಂಟೆ ಈಗ ಯಾರಿಗೂ ಪೂರ್ತಿ ಸಿಗಲಿಲ್ಲ.

ಒಳ್ಳೆಯದೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಏಳನೇ ದಿನದ ಹೊತ್ತಿಗೆ ಬಿಸಿಲು ಬೀಳುವ ಜಾಗದಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದರು. ಚುಕ್ಕಿ ಮರಿಯಾಗಿದ್ದಾಗ ಮಾಡುತ್ತಿದ್ದ ಹಾಗೆ ಮನೆಯ ತುಂಬ ಸುತ್ತಿ ಸುತ್ತಿ ಓಡಿದಳು. ಅದನ್ನು ನೋಡಿದಾಗಲೆಲ್ಲ ನನ್ನ ತೀರ್ಮಾನ ಬದಲಾಗುತ್ತಿತ್ತು.

ಎಂಟನೇ ದಿನ ಮತ್ತೆ ಮೊಬೈಲ್ ಇಟ್ಟು ಹೋದೆ. ಇಬ್ಬರನ್ನೂ ನಡುವೆ ಜಾಲರಿ ಬಾಗಿಲು ಹಾಕಿ ಬಿಟ್ಟಿದ್ದೆ, ಒಬ್ಬರನ್ನೊಬ್ಬರು ನೋಡಬಹುದು, ಮೂಸಬಹುದು. ಸಂಜೆ ನೋಡಿದರೆ ಬಂಟಿ ಆ ಕಡೆ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದಾನೆ. ಚುಕ್ಕಿ ಅವನ ಕಡೆ ಒಂದು ಸಲವೂ ಹೋಗಲಿಲ್ಲ. ಬಾಗಿಲ ಮುಂದೆ ನಿಂತಳು, ಸಂದಿಗೆ ಮೂಗಿಟ್ಟಳು, ಕೆರೆದಳು, ಹೋಗಿ ನನ್ನ ಚಪ್ಪಲಿ ತಂದಳು.

ನಾವು ಮೂವರೂ ಅದನ್ನು ನೋಡಿ ಏನೂ ಮಾತಾಡಲಿಲ್ಲ. ಮಗಳು ಎದ್ದು ಹೋಗಿ ಚುಕ್ಕಿಯ ಪಕ್ಕ ನೆಲದ ಮೇಲೆ ಮಲಗಿದಳು.

ಬಂಟಿ ಹೋದ ಮೇಲೆ ಎರಡು ದಿನ ಚುಕ್ಕಿ ಅವನು ಮಲಗುತ್ತಿದ್ದ ಜಾಗವನ್ನು ಮೂಸುತ್ತಿದ್ದಳು. ಹತ್ತು ದಿನದ ಗೆಳೆತನಕ್ಕೇ ಹೀಗೆ. 2022ರಲ್ಲಿ ಇಟಲಿಯಲ್ಲಿ, ಎರಡು ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ 426 ಜನರನ್ನು ಕೇಳಿ ಮಾಡಿದ ಅಧ್ಯಯನ ಪ್ರಕಟವಾಯಿತು. ನೂರಕ್ಕೆ ಸುಮಾರು 86 ಜನ, ಉಳಿದ ನಾಯಿಯ ನಡವಳಿಕೆ ಬದಲಾಯಿತು ಅಂದಿದ್ದರು: ಆಟ ಕಡಿಮೆ, ತಿನ್ನುವುದು ಕಡಿಮೆ, ಮನೆಯವರನ್ನು ಬಿಟ್ಟಿರಲಾರದ ಹಾಗೆ ಆಗುವುದು. ಎಷ್ಟು ವರ್ಷ ಜೊತೆಗಿದ್ದವು ಅನ್ನುವುದಕ್ಕಿಂತ ಎಷ್ಟು ಸ್ನೇಹದಿಂದ ಇದ್ದವು ಅನ್ನುವುದೇ ಅಲ್ಲಿ ಮುಖ್ಯವಾಗಿತ್ತಂತೆ. ಎರಡು ನಾಯಿ ಸಾಕುವವರು ಒಂದು ದಿನ ಈ ದುಃಖವನ್ನೂ ನೋಡಬೇಕಾಗುತ್ತದೆ. ಇದಕ್ಕೆ ಹೆದರಿ ಬೇಡ ಅನ್ನುತ್ತಿಲ್ಲ, ಆದರೆ ತರುವ ಮೊದಲೇ ಗೊತ್ತಿರಬೇಕು.

ನಮ್ಮ ತೀರ್ಮಾನ: ಈಗ ಬೇಡ. ಚುಕ್ಕಿಯ ಹೆದರಿಕೆ ಮೊದಲು ಹೋಗಬೇಕು. ಡಾಕ್ಟರು ಹೇಳಿಕೊಟ್ಟ ಹಾಗೆ ಚಿಕ್ಕದರಿಂದ ಶುರು ಮಾಡಿದೆವು. ಚಪ್ಪಲಿ ಹಾಕಿಕೊಂಡು ಹೊರಗೆ ಹೋಗದೆ ಬಂದು ಕೂರುವುದು, ಬೀಗದ ಕೈ ಸದ್ದು ಮಾಡಿ ಮತ್ತೆ ಕೆಲಸಕ್ಕೆ ತೊಡಗುವುದು, ಬಾಗಿಲು ಹಾಕಿ ಹತ್ತು ಸೆಕೆಂಡಿಗೆ ಬರುವುದು, ಆಮೇಲೆ ಅರ್ಧ ನಿಮಿಷ, ಎರಡು ನಿಮಿಷ, ಐದು. ಅವಳು ಕುಂಯ್‌ಗುಟ್ಟುವ ಮೊದಲೇ ವಾಪಸ್ ಬರಬೇಕು, ಅದೇ ಗುಟ್ಟು. ಒಂದು ದಿನ ಆತುರಪಟ್ಟು ಇಪ್ಪತ್ತು ನಿಮಿಷಕ್ಕೆ ಹಾರಿದೆ, ಮೂರು ದಿನ ಹಿಂದಕ್ಕೆ ಹೋಗಬೇಕಾಯಿತು. ಈ ಅಭ್ಯಾಸ ಮುಗಿಯುವ ತನಕ ಅವಳನ್ನು ಒಬ್ಬಳೇ ಬಿಡುವ ಹಾಗಿಲ್ಲ. ಅದಕ್ಕೆ ಅಮ್ಮ ಬಂದು ಇದ್ದಾರೆ, ಅಮ್ಮನಿಗೆ ಆಗದ ದಿನ ಮಗಳು ನಾನು ಹೊತ್ತು ಹಂಚಿಕೊಳ್ಳುತ್ತೇವೆ. ಹೊರಡುವ ಮುಂಚೆ ಅವಳ ತಿಂಡಿಯನ್ನು ಬಟ್ಟೆಯ ಮಡಿಕೆಗಳಲ್ಲಿ, ಡಬ್ಬಿಗಳ ಕೆಳಗೆ ಬಚ್ಚಿಡುತ್ತೇನೆ. ಮೂಗಿಗೆ ಹದಿನೈದು ನಿಮಿಷ ಕೆಲಸ ಕೊಟ್ಟರೆ ಅವಳು ಅರ್ಧ ಗಂಟೆ ಓಡಿದಷ್ಟು ದಣಿಯುತ್ತಾಳೆ ಅಂತ ನನಗೆ ಅನ್ನಿಸುತ್ತದೆ.

ಮುಂದೆ? ಅವಳಿಗೆ ಆರು ಏಳು ವರ್ಷ ಆಗುವುದರೊಳಗೆ ಮತ್ತೆ ಕೂತು ಮಾತಾಡೋಣ ಅಂತ ಇಟ್ಟುಕೊಂಡಿದ್ದೇವೆ. ಆಗ ಬರುವುದು ಮರಿಯಲ್ಲ, ಸ್ವಭಾವ ಗೊತ್ತಾಗಿರುವ ದೊಡ್ಡ ನಾಯಿ, ಗಂಡು, ಬಯಲಿನಲ್ಲಿ ನಾಲ್ಕಾರು ಸಲ ಚುಕ್ಕಿಯ ಜೊತೆ ನಡೆದು ನೋಡಿದ ಮೇಲೆ. ಮಗಳಿಗೆ ಇನ್ನೂ ಆಸೆ ಇದೆ. ನನಗೂ ಇದೆ. ಬಂಟಿ ತಿಂಗಳಿಗೆ ಎರಡು ಸಲ ಬಂದು ಬಯಲಿನಲ್ಲಿ ಆಡಿ ಹೋಗುತ್ತಾನೆ, ಸದ್ಯಕ್ಕೆ ಅವಳ ಭಾಷೆ ಮಾತಾಡುವವನು ಅವನೇ.

ಮೊನ್ನೆ ಮೊದಲ ಸಲ 50 ನಿಮಿಷ ಹೊರಗಿದ್ದೆವು. ಮೂವರೂ ಬೀದಿಯ ಕೊನೆಯಲ್ಲಿ ನಿಂತು ಮೊಬೈಲಿನಲ್ಲಿ ನೋಡುತ್ತಿದ್ದೆವು. ಬಚ್ಚಿಟ್ಟದ್ದನ್ನೆಲ್ಲ ಹುಡುಕಿ ತಿಂದಳು. ಬಾಗಿಲ ಹತ್ತಿರ ಹೋಗಿ ಒಂದು ಸಲ ಮೂಸಿದಳು. ಚಪ್ಪಲಿ ತಂದಳು. ಆದರೆ ಈ ಸಲ ಅದನ್ನು ಬಾಗಿಲಿಗೆ ತರಲಿಲ್ಲ, ತನ್ನ ಹಾಸಿಗೆಗೆ ತೆಗೆದುಕೊಂಡು ಹೋಗಿ ಸುತ್ತು ಹಾಕಿ ಮಲಗಿದಳು. ನಾವು ಬೀಗ ತೆಗೆದು ಒಳಗೆ ಬಂದಾಗಲೂ ಓಡಿ ಬರಲಿಲ್ಲ. ತಲೆ ಎತ್ತಿ ನೋಡಿ, ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು, ಮತ್ತೆ ಕಣ್ಣು ಮುಚ್ಚಿದಳು.